ನ್ಯೂ ಆರ್ಡರ್ ‘ಸಬ್‌ಸ್ಟನ್ಸ್’ (1987): ಸಿಂಗಲ್ಸ್ ಸಂಗ್ರಹದಲ್ಲಿ ಹಾಡನ್ನೇ ಬದಲಾಯಿಸಿದ್ದು ಸರಿಯಾ?

ಸೂಜಿಮೊನೆ
ಇಂಗ್ಲೆಂಡಿನ ನ್ಯೂ ಆರ್ಡರ್ ಬ್ಯಾಂಡಿನ ಬಗ್ಗೆ ಇಲ್ಲಿ ಆಗಾಗ ಮಾತು ಬರುತ್ತದೆ, ಆದರೆ ಒಂದು ವಿಷಯವನ್ನು ಯಾರೂ ಪೂರ್ತಿ ಕೆದಕಿಲ್ಲ. ಅದಕ್ಕೇ ಈ ಚರ್ಚೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ‘ಸಬ್‌ಸ್ಟನ್ಸ್’ ಬಂದದ್ದು 1987ರ ಆಗಸ್ಟ್‌ನಲ್ಲಿ, ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ರೆಕಾರ್ಡ್ಸ್‌ನಿಂದ. ಅವರ ಪಟ್ಟಿಯಲ್ಲಿ ಅದರ ನಂಬರ್ 200. 1981ರ ‘ಸೆರೆಮನಿ’ಯಿಂದ ಹಿಡಿದು ಆ ವರ್ಷದ ‘ಟ್ರೂ ಫೇತ್’ ತನಕ 12 ಹಾಡುಗಳು, ಬಂದ ಕ್ರಮದಲ್ಲೇ ಇವೆ. ಹೆಚ್ಚಿನವು 12 ಇಂಚಿನ ರೆಕಾರ್ಡಿನ ಉದ್ದನೆಯ ರೂಪಗಳು. ಬ್ರಿಟನ್ ಆಲ್ಬಮ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಕ್ವಿನ್ಸಿ ಜೋನ್ಸ್ ಅವರ ಕ್ವೆಸ್ಟ್ ಲೇಬಲ್‌ನಿಂದ ಬಂದು ಪ್ಲಾಟಿನಂ ಪಡೆಯಿತು.

ನನ್ನ ತಕರಾರು ಇಷ್ಟೇ. ಸಿಂಗಲ್ಸ್ (ಬಿಡಿಯಾಗಿ ಬಂದ ಹಾಡುಗಳ) ಸಂಗ್ರಹ ಅಂದಮೇಲೆ ಅಂದು ಅಂಗಡಿಯಲ್ಲಿ ಸಿಕ್ಕಿದ್ದು ಅದರಲ್ಲಿ ಇರಬೇಕು, ಅಲ್ವಾ? ಇಲ್ಲಿ 1982ರ ‘ಟೆಂಪ್ಟೇಷನ್’ ಇಲ್ಲ. 1983ರ ‘ಕನ್‌ಫ್ಯೂಷನ್’ ಕೂಡ ಇಲ್ಲ. ಎರಡನ್ನೂ 1987ರಲ್ಲಿ ಹೊಸದಾಗಿ ಹಾಡಿ, ಧ್ವನಿಮುದ್ರಿಸಿ, ಹಳೆಯ ಜಾಗದಲ್ಲಿ ಸೇರಿಸಿದ್ದಾರೆ. ಈಗ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ‘ಟೆಂಪ್ಟೇಷನ್’ ಅಂದರೆ ಈ ಹೊಸದೇ. ಇದಕ್ಕೆ ನನ್ನ ವಿರೋಧವಿದೆ. ನೀವೇನಂತೀರಿ?

ಹಳೇಟೇಪು
ವಿರೋಧಕ್ಕೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ.

1982ರ 12 ಇಂಚಿನ ‘ಟೆಂಪ್ಟೇಷನ್’ ಕೇಳಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಕೈಯಿಂದ ಬಿಡಿಸಿಕೊಂಡು ಅವರೇ ಸ್ವಂತವಾಗಿ ಮಾಡಿದ್ದು ಅದು. ಸುಮಾರು ಒಂಬತ್ತು ನಿಮಿಷ. ಗಾಯಕ ಬರ್ನಾರ್ಡ್ ಸಮ್ನರ್ ಸ್ವರ ಎಲ್ಲೆಲ್ಲೋ ಜಾರುತ್ತದೆ. ಡ್ರಮ್ಸ್ ಮುಂದಕ್ಕೆ ನುಗ್ಗುತ್ತದೆ. ಹಾಡುವಾಗ ಯಾರೋ ಬೆನ್ನಿಗೆ ಹಿಮದ ಉಂಡೆ ತುರುಕಿದರು, ಅದಕ್ಕೇ ಆ ಕಿರುಚು ಅಂತ ಒಂದು ಕಥೆ ಇದೆ. ಸುಳ್ಳೋ ನಿಜವೋ, ಕೇಳಿದರೆ ನಂಬಬೇಕು ಅನ್ನಿಸುತ್ತದೆ. ನಾಲ್ಕು ಜನ ಒಂದು ಕೋಣೆಯಲ್ಲಿ ಇನ್ನೂ ಕಲಿಯುತ್ತಿದ್ದಾರೆ ಅನ್ನೋದು ಗೊತ್ತಾಗುತ್ತದೆ.

1987ರದ್ದು ಏಳು ನಿಮಿಷ. ಇಸ್ತ್ರಿ ಮಾಡಿದ ಅಂಗಿ ಥರ ಇದೆ.

ಲಯಗಾರ
ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರೆ ಅಪರಾಧವಾ ಗುರೂ?

ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುವವನು, ಅದಕ್ಕೆ ನನ್ನ ಕಿವಿ ಬೇರೆ ಕಡೆ ಹೋಗುತ್ತದೆ. ಇದರಲ್ಲಿ ‘ಟೆಂಪ್ಟೇಷನ್’ ಮುಗಿದ ಕೂಡಲೇ ‘ಬ್ಲೂ ಮಂಡೇ’ ಬರುತ್ತದೆ. ಆ ಬಾಸ್ ಡ್ರಮ್ ಪಕ್ಕದಲ್ಲಿ 1982ರ ಮುದ್ರಣ ಇಟ್ಟು ನೋಡಿ. ತೆಳ್ಳಗೆ ಕೇಳುತ್ತದೆ. 1987ರ ಹೊತ್ತಿಗೆ ಆ ಹಾಡನ್ನು ವೇದಿಕೆ ಮೇಲೆ ಐದು ವರ್ಷ ನುಡಿಸಿ ಅದರ ಆಕಾರವೇ ಬದಲಾಗಿತ್ತು. ತಮ್ಮ ಹಾಡು ಈಗ ಹೀಗಿದೆ ಅಂತ ಅವರು ಹೇಳಬಾರದಾ? ಕೇಳುಗರ ನೆನಪಿಗಾಗಿ ಕಲಾವಿದ ಹಳೇ ತಪ್ಪುಗಳನ್ನು ಹೊತ್ತುಕೊಂಡೇ ಓಡಾಡಬೇಕು ಅನ್ನೋದು ನ್ಯಾಯವಲ್ಲ.

‘ಕನ್‌ಫ್ಯೂಷನ್’ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಅದನ್ನು ಹಾಳು ಮಾಡಿದರು.

ಸೂಜಿಮೊನೆ
ಹಾಗಾದರೆ ನಿಮ್ಮ ವಾದ ಅರ್ಧಕ್ಕೇ ನಿಂತಿತಲ್ಲ! ಒಂದು ಸರಿ, ಒಂದು ತಪ್ಪು ಅಂದರೆ ಅದು ತತ್ವ ಅಲ್ಲ, ರುಚಿ.

ಲಯಗಾರ
ರುಚಿಯೇ ಸ್ವಾಮಿ. ಸಂಗೀತದಲ್ಲಿ ತತ್ವ ಇಟ್ಟುಕೊಂಡು ಏನು ಮಾಡುತ್ತೀರಿ?

‘ಕನ್‌ಫ್ಯೂಷನ್’ ಯಾಕೆ ಕೆಟ್ಟಿತು ಅಂತ ಹೇಳುತ್ತೇನೆ. ಮೂಲ ಹಾಡು ನ್ಯೂಯಾರ್ಕ್‌ನಲ್ಲಿ ನಿರ್ಮಾಪಕ ಆರ್ಥರ್ ಬೇಕರ್ ಜೊತೆ ಮಾಡಿದ್ದು. ಆ ಮನುಷ್ಯ ಅದರ ಹಿಂದಿನ ವರ್ಷ ಹಿಪ್‌ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ ಜೊತೆ ‘ಪ್ಲಾನೆಟ್ ರಾಕ್’ ಹಾಡು ಮಾಡಿ ಅದೇ ಊರಿನ ಬ್ರಾಂಕ್ಸ್‌ನ ಬೀದಿ ಸದ್ದನ್ನೇ ಬದಲಾಯಿಸಿದ್ದ. ಮ್ಯಾಂಚೆಸ್ಟರ್‌ನ ಬಿಳಿ ಹುಡುಗರು ಆ ಊರಿನ ಕ್ಲಬ್ ಸದ್ದಿನೊಳಗೆ ತಡಬಡಾಯಿಸುತ್ತಾ ನಡೆದದ್ದೇ ಆ ಹಾಡಿನ ಮಜಾ. ವಿಡಿಯೊ ನೋಡಿ. ಬೇಕರ್ ಟೇಪ್ ಹಿಡಿದುಕೊಂಡು ಫನ್‌ಹೌಸ್ ಕ್ಲಬ್ಬಿಗೆ ಹೋಗುತ್ತಾನೆ, ಡಿಜೆ ಜೆಲ್ಲಿಬೀನ್ ಬೆನಿಟೆಜ್ ಅದನ್ನು ಹಾಕುತ್ತಾನೆ, ಜನ ಕುಣಿಯುತ್ತಾರೆ. ಹಾಡು ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಎಲ್ಲಾ ಅದರಲ್ಲೇ ಇದೆ. ಎಂಟು ನಿಮಿಷದ ಅದನ್ನು 1987ರಲ್ಲಿ ಐದು ನಿಮಿಷದೊಳಗೆ ಮಡಚಿದರು. ನ್ಯೂಯಾರ್ಕ್ ಮಾಯವಾಯಿತು.

ಮಳೆಯೂರು
ಮ್ಯಾಂಚೆಸ್ಟರ್‌ನಿಂದ ಒಂದು ನಮಸ್ಕಾರ. ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆಸಿದವಳು, ಆಮೇಲೆ ಈ ಹಾಡುಗಳ ಹುಚ್ಚು ಹಿಡಿಯಿತು.

ನೀವೆಲ್ಲ ಇದನ್ನು ಚರಿತ್ರೆಯ ದಾಖಲೆ ಅಂದುಕೊಂಡು ವಾದ ಮಾಡುತ್ತಿದ್ದೀರಿ. ಇದು ಹುಟ್ಟಿದ ಕಾರಣ ಅದಲ್ಲ. ಇಲ್ಲಿ ಎಲ್ಲರೂ ಹೇಳುವ ಕಥೆ ಇದು. ಫ್ಯಾಕ್ಟರಿ ಕಟ್ಟಿದವರಲ್ಲಿ ಒಬ್ಬರಾದ ಟೋನಿ ವಿಲ್ಸನ್ ಹೊಸ ಜಾಗ್ವಾರ್ ಕಾರು ತಗೊಂಡರು, ಅದರಲ್ಲಿ ಸಿಡಿ ಪ್ಲೇಯರ್ ಇತ್ತು, ನ್ಯೂ ಆರ್ಡರ್ ಸಿಂಗಲ್ಸ್ ಎಲ್ಲಾ ಒಂದೇ ಸಿಡಿಯಲ್ಲಿ ಕೇಳಬೇಕು ಅನ್ನಿಸಿತು. ಅಷ್ಟೇ! ಕಥೆಗೆ ಸ್ವಲ್ಪ ಬಣ್ಣ ಬಳಿದಿರಬಹುದು. ಆದರೆ ವಿಲ್ಸನ್ ಬಗ್ಗೆ ಓದಿದವರಿಗೆ ಆಶ್ಚರ್ಯವಾಗುವುದಿಲ್ಲ. ಅವರ ಕಂಪನಿಯಲ್ಲಿ ರೆಕಾರ್ಡಿಗೆ ಮಾತ್ರ ನಂಬರ್ ಅಲ್ಲ. ಹಸಿಯೆಂಡಾ ಕ್ಲಬ್ಬಿಗೆ 51. ಕ್ಲಬ್ಬಿನ ಬೆಕ್ಕಿಗೂ ಒಂದು ನಂಬರ್ ಇತ್ತು. 2007ರಲ್ಲಿ ಅವರು ತೀರಿಕೊಂಡಾಗ ಶವಪೆಟ್ಟಿಗೆಗೂ ಕೊಟ್ಟರು, 501.

ಆಗ ಒಂದು ಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. ‘ಸಬ್‌ಸ್ಟನ್ಸ್’ ಮೊದಲ ಡಿಸ್ಕ್ ಎಷ್ಟಿದೆ ನೋಡಿ. ಅಂಚಿನ ತನಕ ತುಂಬಿದೆ. ‘ದಿ ಪರ್ಫೆಕ್ಟ್ ಕಿಸ್’ ಕೊನೆಗೆ ಕತ್ತರಿ ಬಿದ್ದಿದೆ. ‘ಸಬ್‌ಕಲ್ಚರ್’ ಮೊಟಕಾಗಿದೆ. ‘ಶೆಲ್‌ಶಾಕ್’ ಒಂಬತ್ತೂವರೆ ನಿಮಿಷ ಮೀರಿದ್ದು, ಆರೂವರೆಗೆ ಇಳಿದಿದೆ. ಹೊಸ ‘ಟೆಂಪ್ಟೇಷನ್’ ಮತ್ತು ‘ಕನ್‌ಫ್ಯೂಷನ್’ ಎರಡೂ ಮೂಲಕ್ಕಿಂತ ಚಿಕ್ಕವು. ನನ್ನ ಅನುಮಾನ ಏನೆಂದರೆ, ಕಲೆ ಗಿಲೆ ಎಲ್ಲ ಆಮೇಲೆ, ಮೊದಲು ಡಿಸ್ಕಿನಲ್ಲಿ ಜಾಗ.

ಹಳೇಟೇಪು
ಮೇಡಂ, ಈ ಲೆಕ್ಕ ಸರಿಯಾಗಿದೆ. ಆದರೆ ಜಾಗ ಇಲ್ಲ ಅಂತ ಮತ್ತೆ ಸ್ಟುಡಿಯೊಗೆ ಹೋಗಿ ಹಾಡುತ್ತಾರಾ? ‘ಶೆಲ್‌ಶಾಕ್’ಗೆ ಹಾಕಿದ ಕತ್ತರಿಯನ್ನೇ ಇದಕ್ಕೂ ಹಾಕಬಹುದಿತ್ತು. ಮೂಲ ಅವರಿಗೇ ಇಷ್ಟವಿರಲಿಲ್ಲ ಅನ್ನೋದೇ ನಿಜವಾದ ಕಾರಣ ಇರಬೇಕು.

ನಮ್ಮಲ್ಲೂ ಇದು ಇದ್ದೇ ಇದೆ. ಹಳೇ ಹಾಡನ್ನು ಅದೇ ಗಾಯಕರು ವರ್ಷಗಳ ನಂತರ ಮತ್ತೆ ಹಾಡಿ, ಕೀಬೋರ್ಡ್ ತುಂಬಿ, ಹಳೇ ಹೆಸರಿನಲ್ಲೇ ಕ್ಯಾಸೆಟ್ ಮಾಡಿ ಮಾರಿದ್ದನ್ನು ಮನೆಗೆ ತಂದು ಬೇಸರಪಟ್ಟವರು ಎಷ್ಟು ಜನ ಇಲ್ಲಿ?

ನಡುಮನೆರೇಡಿಯೊ
ಕೈ ಎತ್ತಿದೆ.

ಸೂಜಿಮೊನೆ
ಮಳೆಯೂರು ಅವರೇ, ಸಿಡಿಯ ವಾದ ಚೆನ್ನಾಗಿದೆ. ಆದರೆ ಇನ್ನೊಂದು ಹಿನ್ನೆಲೆ ಸೇರಿಸಬೇಕು. ಇಲ್ಲಾಂದರೆ ಈ ಸಂಗ್ರಹ ಯಾಕೆ ಇಷ್ಟು ದೊಡ್ಡದಾಯಿತು ಅನ್ನೋದು ಹೊಸಬರಿಗೆ ತಿಳಿಯೋಲ್ಲ.

ಬೇರೆ ಬ್ಯಾಂಡುಗಳಲ್ಲಿ ಸಿಂಗಲ್ ಅಂದರೆ ಆಲ್ಬಮ್ಮಿನಿಂದ ಕಿತ್ತು ಮಾರುವ ಹಾಡು. ಇವರಲ್ಲಿ, ಮೊದಲ ವರ್ಷಗಳಲ್ಲಂತೂ, ಹಾಗಲ್ಲ. ‘ಸೆರೆಮನಿ’ ಆಲ್ಬಮ್ಮಿನಲ್ಲಿ ಇಲ್ಲ. ‘ಟೆಂಪ್ಟೇಷನ್’ ಇಲ್ಲ. ‘ಬ್ಲೂ ಮಂಡೇ’ 1983ರ ಮಾರ್ಚ್‌ನಲ್ಲಿ ಬಂತು, ಮೇನಲ್ಲಿ ‘ಪವರ್, ಕರಪ್ಷನ್ ಅಂಡ್ ಲೈಸ್’ ಆಲ್ಬಮ್ ಬಂತು, ಬ್ರಿಟನ್ನಿನ ಆ ಆಲ್ಬಮ್ಮಿನಲ್ಲಿ ‘ಬ್ಲೂ ಮಂಡೇ’ ಇರಲಿಲ್ಲ. ಯೋಚಿಸಿ. ಕೈಯಲ್ಲಿ ಅಷ್ಟು ದೊಡ್ಡ ಹಿಟ್ ಇಟ್ಟುಕೊಂಡು ಆಲ್ಬಮ್ಮಿಗೆ ಹಾಕಲಿಲ್ಲ. ಒಂದೇ ಹಾಡಿಗೆ ಜನ ಎರಡು ಸಲ ದುಡ್ಡು ಕೊಡಬಾರದು ಅನ್ನೋ ಪಂಕ್ ಕಾಲದ ಮರ್ಯಾದೆ ಅದು.

ಹಾಗಾಗಿ ಅವರ ಒಳ್ಳೆಯ ಕೆಲಸದಲ್ಲಿ ಅರ್ಧಪಾಲು ಬಿಡಿ ರೆಕಾರ್ಡುಗಳಲ್ಲಿ ಚೆಲ್ಲಿಹೋಗಿತ್ತು. ‘ಸಬ್‌ಸ್ಟನ್ಸ್’ ಬಂದಾಗ ಬಹಳ ಜನಕ್ಕೆ, ಮುಖ್ಯವಾಗಿ ಅಮೆರಿಕದವರಿಗೆ, ಅದು ಹಳೇ ಹಾಡುಗಳ ಮೂಟೆ ಅನ್ನಿಸಲಿಲ್ಲ. ಹೊಸ ಆಲ್ಬಮ್ಮೇ ಅನ್ನಿಸಿತು. ಅದಕ್ಕೇ ನನ್ನ ಸಿಟ್ಟು ಜಾಸ್ತಿ. ಬೇರೆ ಸಂಗ್ರಹದಲ್ಲಿ ಬದಲಾಯಿಸಿದ್ದರೆ ಯಾರೂ ಗಮನಿಸುತ್ತಿರಲಿಲ್ಲ.

ಮಳೆಯೂರು
ಮರ್ಯಾದೆ ಅಂದಿರಿ. ಅದರ ಬೆಲೆಯನ್ನೂ ಹೇಳೋಣ.

ಫ್ಯಾಕ್ಟರಿಯಲ್ಲಿ ಖರ್ಚು ಕಳೆದು ಉಳಿದ ಲಾಭ ಬ್ಯಾಂಡಿಗೆ ಅರ್ಧ, ಕಂಪನಿಗೆ ಅರ್ಧ. ಹಾಡಿನ ಹಕ್ಕು ಕಲಾವಿದರದ್ದೇ. ಕೇಳೋಕೆ ಎಷ್ಟು ಚೆಂದ! ಆದರೆ 1982ರ ಮೇನಲ್ಲಿ ವಿಟ್‌ವರ್ತ್ ಸ್ಟ್ರೀಟ್‌ನಲ್ಲಿ ಹಸಿಯೆಂಡಾ ತೆರೆದರು. ದೋಣಿ ಮಾರುವ ಹಳೇ ಮಳಿಗೆ ಅದು. ಒಳಗೆಲ್ಲ ವಿನ್ಯಾಸಕ್ಕೆ ಸುರಿದ ದುಡ್ಡು, ಮೊದಲ ವರ್ಷಗಳಲ್ಲಿ ಖಾಲಿ ನೆಲ. ಆ ನಷ್ಟ ತುಂಬಿದ್ದು ನ್ಯೂ ಆರ್ಡರ್ ರೆಕಾರ್ಡುಗಳ ಹಣ. ‘ಬ್ಲೂ ಮಂಡೇ’ ಕೊಂಡವರೆಲ್ಲ ಗೊತ್ತಿಲ್ಲದೆ ಆ ಕ್ಲಬ್ಬಿನ ಕರೆಂಟ್ ಬಿಲ್ ಕಟ್ಟಿದರು. ಬಾಸ್ ನುಡಿಸುವ ಪೀಟರ್ ಹುಕ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಹೊಟ್ಟೆಯುರಿ ತೀರಿಸಿಕೊಂಡಿದ್ದಾರೆ.

1992ರ ನವೆಂಬರ್‌ನಲ್ಲಿ ಫ್ಯಾಕ್ಟರಿ ದಿವಾಳಿ. ಕ್ಲಬ್ಬು 1997ರಲ್ಲಿ ಮುಚ್ಚಿತು, ಆಮೇಲೆ ಕಟ್ಟಡವನ್ನೂ ಕೆಡವಿದರು. ಈಗ ಆ ಜಾಗದಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟು. ಹೆಸರೂ ಮಾರಾಟಕ್ಕೆ ಸಿಗುತ್ತದೆ ನೋಡಿ.

ತಂತಿಮೀಟು
ನಾನು ಬಾಸ್ ನುಡಿಸುವವನು. ಹುಕ್ ಹೆಸರು ಬಂತು ಅಂತ ಒಳಗೆ ಬಂದೆ.

ಈ ಡಿಸ್ಕನ್ನು ಬಾಸ್ ಮಾತ್ರ ಕೇಳುತ್ತಾ ಒಂದು ಸಲ ಮುಗಿಸಿ. ಎಲ್ಲರೂ ಬಾಸನ್ನು ಕೆಳಗೆ ನುಡಿಸಿದರೆ ಹುಕ್ ಗಿಟಾರಿನ ಕತ್ತಿನ ಮೇಲ್ಗಡೆ ಹೋಗಿ ಎತ್ತರದ ಸ್ವರದಲ್ಲಿ ನುಡಿಸುತ್ತಾರೆ. ನ್ಯೂ ಆರ್ಡರ್‌ಗಿಂತ ಮುಂಚಿನ ಇವರ ಬ್ಯಾಂಡ್ ಜಾಯ್ ಡಿವಿಷನ್ ಕಾಲದಲ್ಲಿ ಅವರ ಆಂಪ್ಲಿಫೈಯರ್ ಕಳಪೆ, ಸಮ್ನರ್ ಗಿಟಾರ್ ಜೋರು, ಕೆಳಗೆ ನುಡಿಸಿದರೆ ತಮಗೇ ಕೇಳುತ್ತಿರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ‘ಸೆರೆಮನಿ’ ಶುರುವಾಗೋದೇ ಆ ಎತ್ತರದ ಬಾಸಿನಿಂದ. ಆಮೇಲೆ ಹಾಡು ಹಾಡಿಗೂ ಯಂತ್ರಗಳು ಒಳಗೆ ಬರುತ್ತವೆ. ಕೆಳಗಿನ ಕೆಲಸವನ್ನು ಸೀಕ್ವೆನ್ಸರ್ (ತುಂಬಿಸಿಟ್ಟ ಸ್ವರಗಳನ್ನು ತಾನೇ ನುಡಿಸುವ ಯಂತ್ರ) ಕಸಿದುಕೊಳ್ಳುತ್ತದೆ. ಬೇರೆ ಯಾವ ಬಾಸ್ ವಾದಕ ಆಗಿದ್ದರೂ ಮನೆಗೆ ಹೋಗಬೇಕಿತ್ತು. ಇವರು ಮೊದಲೇ ಮೇಲೆ ಇದ್ದದ್ದರಿಂದ ಉಳಿದುಕೊಂಡರು.

1981ರಿಂದ 1987ರ ತನಕ ಸಾಲಾಗಿ ಕೇಳಿದರೆ ಮಾತ್ರ ಇದು ಗೊತ್ತಾಗುತ್ತದೆ. ಬಿಡಿ ಆಲ್ಬಮ್ಮುಗಳಲ್ಲಿ ಗೊತ್ತಾಗೋಲ್ಲ. ಅದಕ್ಕೇ ನನಗೆ ಈ ಸಂಗ್ರಹ ಇಷ್ಟ, ‘ಟೆಂಪ್ಟೇಷನ್’ ಯಾವುದಾದರೂ ಇರಲಿ.

ಹೊಸಕಿವಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಬೇಡಿ. ಜಾಯ್ ಡಿವಿಷನ್‌ದೂ ಒಂದು ‘ಸಬ್‌ಸ್ಟನ್ಸ್’ ಇದೆ ಅಲ್ವಾ? ಎರಡೂ ಒಂದೇನಾ? ನಾನು ಹುಡುಕಿದಾಗ ಎರಡು ಬಂತು.

ಹಳೇಟೇಪು
ಬೈಯೋಕೆ ಏನಿದೆ, ಎಲ್ಲರಿಗೂ ಆಗುವ ಗೊಂದಲ. ಹೆಸರು ಒಂದೇ, ರೆಕಾರ್ಡ್ ಎರಡು. ಜನರೂ ಹೆಚ್ಚುಕಮ್ಮಿ ಅವರೇ.

ಜಾಯ್ ಡಿವಿಷನ್‌ನಲ್ಲಿ ಹಾಡುತ್ತಿದ್ದವರು ಇಯಾನ್ ಕರ್ಟಿಸ್. 1980ರ ಮೇ 18ರಂದು ಜೀವ ಕಳೆದುಕೊಂಡರು. ಅಮೆರಿಕ ಪ್ರವಾಸಕ್ಕೆ ಹೊರಡಬೇಕಿದ್ದ ಹೊತ್ತು. ಉಳಿದ ಮೂವರು, ಸಮ್ನರ್, ಹುಕ್ ಮತ್ತು ಡ್ರಮ್ಸ್‌ನ ಸ್ಟೀಫನ್ ಮಾರಿಸ್, ನ್ಯೂ ಆರ್ಡರ್ ಆದರು. ಆ ವರ್ಷದ ಕೊನೆಯಲ್ಲಿ ಕೀಬೋರ್ಡ್ ನುಡಿಸುವ ಗಿಲಿಯನ್ ಗಿಲ್ಬರ್ಟ್ ಸೇರಿದರು.

ಜಾಯ್ ಡಿವಿಷನ್ ‘ಸಬ್‌ಸ್ಟನ್ಸ್’ ಬಂದದ್ದು 1988ರಲ್ಲಿ. ಅದೂ ಆಲ್ಬಮ್ಮುಗಳಿಗೆ ಸೇರದ ಹಾಡುಗಳೇ. 1978ರಲ್ಲಿ ತಾವೇ ಹೊರತಂದ ಪುಟ್ಟ ರೆಕಾರ್ಡಿನ ‘ವಾರ್ಸಾ’ ಇದೆ, ‘ಟ್ರಾನ್ಸ್‌ಮಿಷನ್’ ಇದೆ, ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಇದೆ. ‘ಅಟ್ಮಾಸ್ಫಿಯರ್’ ಮತ್ತು ‘ಡೆಡ್ ಸೋಲ್ಸ್’ ಮೊದಲು ಬಂದದ್ದು ಫ್ರಾನ್ಸ್‌ನ ಒಂದು ಚಿಕ್ಕ ಲೇಬಲ್‌ನಿಂದ, ಬರೀ 1578 ಪ್ರತಿ. ಅಂಥದ್ದು ಸಾಮಾನ್ಯ ಜನರ ಕೈಗೆ ಸಿಕ್ಕಿದ್ದು ಇಂಥ ಸಂಗ್ರಹದಿಂದಲೇ. ಅಲ್ಲಿ ಯಾರೂ ಏನನ್ನೂ ಮತ್ತೆ ಹಾಡಲಿಲ್ಲ. ಹಾಡಲು ಆ ಮನುಷ್ಯ ಇರಲಿಲ್ಲ.

ಲಯಗಾರ
ಅದರ ಕವರ್ ಮೇಲಿನ ಅಕ್ಷರ ಗಮನಿಸಿದ್ದೀರಾ? ವಿಮ್ ಕ್ರಾವೆಲ್ ಅನ್ನೋ ಡಚ್ ವಿನ್ಯಾಸಕರ ಅಕ್ಷರಮಾಲೆ ಬಳಸಿದ್ದಾರೆ. ನೋಡೋಕೆ ಚೆಂದ ಕಾಣಲಿ ಅಂತ ತಪ್ಪು ಅಕ್ಷರ ಕೂರಿಸಿ, ಹೆಸರೇ ಸರಿಯಾಗಿ ಓದಿಸಿಕೊಳ್ಳುವುದಿಲ್ಲ. ಫ್ಯಾಕ್ಟರಿಯವರಿಗೆ ಓದುವವರ ಕಷ್ಟ ಯಾವತ್ತೂ ಮುಖ್ಯ ಆಗಿರಲಿಲ್ಲ.

ನಡುಮನೆರೇಡಿಯೊ
‘ಬ್ಲೂ ಮಂಡೇ’ ಕವರಿನ ಕಥೆ ಯಾರಾದರೂ ಹೇಳಿ. ನಷ್ಟ ಆಯಿತಂತಲ್ಲ?

ಲಯಗಾರ
ಪೀಟರ್ ಸ್ಯಾವಿಲ್ ವಿನ್ಯಾಸ. ಫ್ಲಾಪಿ ಡಿಸ್ಕ್ ಥರ ಕಾಣಬೇಕು ಅಂತ ಕಾಗದದಲ್ಲಿ ತೂತು ಕೊರೆಸಿದರು. ಬ್ಯಾಂಡಿನ ಹೆಸರಿಲ್ಲ, ಹಾಡಿನ ಹೆಸರಿಲ್ಲ, ಅಂಚಿನಲ್ಲಿ ಬಣ್ಣದ ಚೌಕಗಳು ಮಾತ್ರ. ಆ ಬಣ್ಣಗಳೇ ಸಂಕೇತ, ಬಿಡಿಸಿ ಓದಿಕೊಳ್ಳಬೇಕು. ಮುದ್ರಣದ ಖರ್ಚು ಎಷ್ಟು ಜಾಸ್ತಿ ಅಂದರೆ ಪ್ರತಿ ರೆಕಾರ್ಡ್ ಮಾರಿದಾಗಲೂ ಕೈಯಿಂದ ದುಡ್ಡು ಹೋಗುತ್ತಿತ್ತು ಅಂತ ವಿಲ್ಸನ್ ಹೇಳಿಕೊಂಡು ತಿರುಗುತ್ತಿದ್ದರು. ಎಷ್ಟು ಹೋಯಿತು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಆಮೇಲಿನ ಮುದ್ರಣಗಳಲ್ಲಿ ತೂತು ತೆಗೆದುಬಿಟ್ಟರು. ಕೊನೆಗೆ ಅದು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಿದ 12 ಇಂಚಿನ ಸಿಂಗಲ್ ಆಯಿತು. ಗೋಲ್ಡ್ ಡಿಸ್ಕ್ ಮಾತ್ರ ಆಗ ಸಿಗಲಿಲ್ಲ, ಯಾಕೆಂದರೆ ಫ್ಯಾಕ್ಟರಿಯವರು ಅದನ್ನು ಕೊಡುವ ರೆಕಾರ್ಡ್ ಕಂಪನಿಗಳ ಸಂಘದ ಸದಸ್ಯರೇ ಆಗಿರಲಿಲ್ಲ.

ಸ್ಯಾವಿಲ್ ಬಗ್ಗೆ ಇನ್ನೊಂದು. ‘ಸಬ್‌ಕಲ್ಚರ್’ ಸಿಂಗಲ್‌ಗೆ ಜಾನ್ ರೋಬಿ ಮಾಡಿದ ರೀಮಿಕ್ಸ್ ಅವರಿಗೆ ಹಿಡಿಸಲಿಲ್ಲ. ಕವರ್ ಮಾಡಿಕೊಡಲಿಲ್ಲ. ರೆಕಾರ್ಡ್ ಬರೀ ಕಪ್ಪು ಕವರಿನಲ್ಲಿ ಬಂತು. ಹಾಡು ಚೆನ್ನಾಗಿಲ್ಲ ಅಂತ ಕವರ್ ಮಾಡುವವರು ಮುಷ್ಕರ ಹೂಡಿದ ಕಂಪನಿ ಬೇರೆ ಯಾವುದಾದರೂ ಇದ್ದರೆ ಹೇಳಿ.

ಸೂಜಿಮೊನೆ
ಅವರು ಮಾಡಿದ್ದು ಸರಿ. ಆ ರೀಮಿಕ್ಸ್‌ನಲ್ಲಿ ಹಿಂದೆ ಹಾಡುವ ಹೆಂಗಸರ ಗುಂಪನ್ನು ತಂದು ತುಂಬಿದ್ದಾರೆ. 1985ರ ‘ಲೋ ಲೈಫ್’ ಆಲ್ಬಮ್ಮಿನಲ್ಲಿ ಅದೇ ಹಾಡು ಎಷ್ಟು ಗಂಭೀರವಾಗಿತ್ತು. ‘ಸಬ್‌ಸ್ಟನ್ಸ್’ನಲ್ಲಿ ನಾನು ದಾಟಿಸಿ ಮುಂದೆ ಹೋಗುವ ಒಂದೇ ಹಾಡು ಅದು. ಬ್ರಿಟನ್ನಿನಲ್ಲಿ 63ನೇ ಸ್ಥಾನಕ್ಕೆ ನಿಂತಿತು, ಜನರೂ ದಾಟಿಸಿದರು ಅಂತ ಕಾಣುತ್ತೆ.

ಬೆಳಗಿನಜಾವ
ಇಷ್ಟು ಉದ್ದದ ಚರ್ಚೆಯಲ್ಲಿ ಗಿಲಿಯನ್ ಗಿಲ್ಬರ್ಟ್ ಹೆಸರು ಒಂದೇ ಸಲ ಬಂತು, ಅದೂ ‘ಸೇರಿದರು’ ಅಂತ. ಹೀಗೆ ಆಗುತ್ತೆ ಅಂತ ನನಗೆ ಗೊತ್ತಿತ್ತು.

‘ಸೆರೆಮನಿ’ ಎರಡು ಸಲ ಮುದ್ರಣವಾಗಿದೆ. ಕರ್ಟಿಸ್ ಇದ್ದಾಗಲೇ ಕಟ್ಟಿದ ಹಾಡು ಅದು. 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾಯ್ ಡಿವಿಷನ್ ಕೊನೆಯ ಕಛೇರಿ ಕೊಟ್ಟಾಗ ಹಾಡಿದ್ದರು. ಮೊದಲು ಮೂವರೇ ಮುದ್ರಿಸಿದರು, ಅದು 1981ರಲ್ಲಿ ಸಿಂಗಲ್ ಆಗಿ ಬಂತು. ಆಮೇಲೆ ಗಿಲಿಯನ್ ಇರುವ ನಾಲ್ವರ ರೂಪವನ್ನು ಅದೇ ವರ್ಷ ಮತ್ತೆ ಹೊರತಂದರು. ‘ಸಬ್‌ಸ್ಟನ್ಸ್’ನಲ್ಲಿ ಇರೋದು ಈ ಎರಡನೇದು. ಅಂದರೆ ಮೊದಲ ಹಾಡಿನಲ್ಲೇ ಅವರು ಮೂಲವನ್ನು ಬಿಟ್ಟು ಆಮೇಲಿನದನ್ನು ಆರಿಸಿಕೊಂಡರು. ಸೂಜಿಮೊನೆ ಅವರಿಗೆ ಇದು ಕಣ್ಣಿಗೆ ಬೀಳಲಿಲ್ಲವಾ? ‘ಟೆಂಪ್ಟೇಷನ್’ಗೆ ಅಳುವವರು ಯಾರೂ ‘ಸೆರೆಮನಿ’ಗೆ ಅಳುವುದಿಲ್ಲ.

ನನ್ನ ಪ್ರಕಾರ ಇದರಲ್ಲೇ ಉತ್ತರ ಇದೆ. ಈ ಸಂಗ್ರಹ ಜಾಯ್ ಡಿವಿಷನ್‌ನ ಉಳಿಕೆಯ ಮೂವರಿಂದ ಶುರುವಾಗುವುದಿಲ್ಲ. ನಾಲ್ವರ ನ್ಯೂ ಆರ್ಡರ್‌ನಿಂದ ಶುರುವಾಗುತ್ತದೆ. ಅಲ್ಲಿಂದ ಮುಂದಕ್ಕೆ ತಮ್ಮನ್ನು ಹೇಗೆ ಕೇಳಬೇಕು ಅಂತ ಅವರೇ ತೀರ್ಮಾನ ಮಾಡಿದ್ದಾರೆ.

ಸೂಜಿಮೊನೆ
ಎರಡನೇ ‘ಸೆರೆಮನಿ’ಯೂ ಅದೇ 1981ರಲ್ಲಿ ಅಂಗಡಿಯಲ್ಲಿ ಸಿಕ್ಕ ಸಿಂಗಲ್ಲೇ ತಾನೇ? ಆರು ವರ್ಷ ಬಿಟ್ಟು ಹೊಸದು ತಂದಿಟ್ಟಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾಲ್ವರಿಂದ ಶುರುವಾಗುತ್ತದೆ ಅನ್ನೋ ಮಾತು ತೂಕದ್ದು. ಒಪ್ಪದೇ ಇದ್ದರೂ ತಲೆಯಲ್ಲಿ ಕೂತುಬಿಟ್ಟಿದೆ.

ಬೆಳಗಿನಜಾವ
ಕೂತಿರಲಿ ಬಿಡಿ 😄

ಲಯಗಾರ
ಗಿಲಿಯನ್ ಬಗ್ಗೆ ನಾನೂ ಒಂದು ಮಾತು ಸೇರಿಸಲೇಬೇಕು. ‘ಬ್ಲೂ ಮಂಡೇ’ ಕಾಲದಲ್ಲಿ ಇವತ್ತಿನ ಹಾಗೆ ಪರದೆ ಮೇಲೆ ಚೌಕ ಎಳೆದು ಸ್ವರ ಕೂರಿಸೋಕೆ ಆಗುತ್ತಿರಲಿಲ್ಲ. ಸಮ್ನರ್ ಕಿಟ್ ತಂದು ಕೈಯಾರೆ ಬೆಸುಗೆ ಹಾಕಿ ಜೋಡಿಸಿದ ಸೀಕ್ವೆನ್ಸರ್. ಒಂದೊಂದು ಸ್ವರವನ್ನೂ ಹೆಜ್ಜೆ ಹೆಜ್ಜೆಯಾಗಿ ತುಂಬಬೇಕು. ಗಿಲಿಯನ್ ಪೂರ್ತಿ ಹಾಡನ್ನು ಉದ್ದನೆಯ ಕಾಗದದ ಮೇಲೆ ಬರೆದುಕೊಂಡು ತುಂಬಿದರು. ಎಲ್ಲೋ ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ಆ ರಾಗ ತಾಳದಿಂದ ಕೂದಲೆಳೆಯಷ್ಟು ಸರಿದು ಕೂತಿದೆ. ಈ ಹಾಡು ಯಂತ್ರದಂತಿದ್ದರೂ ಯಾಕೆ ಉಸಿರಾಡುತ್ತದೆ ಅಂತ ಕೇಳುವವರಿಗೆ ಅದೂ ಒಂದು ಕಾರಣ.

ಡ್ರಮ್ಸ್‌ಗೆ ಓಬರ್‌ಹೈಮ್ ಡಿಎಂಎಕ್ಸ್ ಯಂತ್ರ. ಒಂದು ಸಲ ಹಾಕಿದ್ದ ತಾಳವೆಲ್ಲ, ಮಾರಿಸ್ ಕಾಲಿಗೆ ವೈರ್ ಸಿಕ್ಕಿ ಅಳಿಸಿಹೋಯಿತು, ನಾವು ಕೇಳೋದು ಎರಡನೇ ಸಲ ಹಾಕಿದ್ದು ಅಂತ ಹುಕ್ ಹೇಳುತ್ತಾರೆ. ಆ ಕಾಯಿರ್ (ಗುಂಪು ಗಾಯನ) ಥರದ ಸದ್ದು ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡಿನ ರೆಕಾರ್ಡಿನಿಂದ ಎತ್ತಿದ್ದು. ಮತ್ತೆ ಇದು ಹುಟ್ಟಿದ ಕಾರಣ ಇನ್ನೂ ತಮಾಷೆ. ಇವರಿಗೆ ಕಛೇರಿ ಮುಗಿದಮೇಲೆ ಇನ್ನೊಂದು ಹಾಡು ಅಂತ ವಾಪಸ್ ಬರೋದು ಇಷ್ಟವಿರಲಿಲ್ಲ. ಗುಂಡಿ ಒತ್ತಿದರೆ ಯಂತ್ರವೇ ನುಡಿಸಲಿ, ನಾವು ಹೋಗೋಣ ಅಂತ ಯೋಚಿಸಿ ಶುರು ಮಾಡಿದ್ದಂತೆ.

ಆಮೇಲೆ ‘ಟಾಪ್ ಆಫ್ ದಿ ಪಾಪ್ಸ್’ ಟಿವಿ ಕಾರ್ಯಕ್ರಮದಲ್ಲಿ ಎಲ್ಲರೂ ತುಟಿ ಆಡಿಸುವಾಗ ಇವರು ಹಟ ಹಿಡಿದು ಲೈವ್ ನುಡಿಸಿದರು. ನೋಡಿ, ಸಿಗುತ್ತದೆ. ಚೆನ್ನಾಗಿ ಬಂದಿಲ್ಲ. ನನಗೆ ಬಹಳ ಇಷ್ಟ.

ತಂತಿಮೀಟು
ಅದೇ ಹಟದ ಇನ್ನೊಂದು ಉದಾಹರಣೆ ‘ದಿ ಪರ್ಫೆಕ್ಟ್ ಕಿಸ್’ ವಿಡಿಯೊ. ಜೊನಾಥನ್ ಡೆಮಿ ನಿರ್ದೇಶನ. ರಿಹರ್ಸಲ್ ಕೋಣೆಯಲ್ಲಿ ನಾಲ್ವರೂ ಹಾಡನ್ನು ಮೊದಲಿನಿಂದ ಕೊನೆಯ ತನಕ ನಿಜವಾಗಿಯೇ ನುಡಿಸುತ್ತಾರೆ. ಹತ್ತು ನಿಮಿಷ. ಕ್ಯಾಮೆರಾ ಮುಖದ ಹತ್ತಿರ. ಯಾರೂ ನಗುವುದಿಲ್ಲ. ಒಬ್ಬೊಬ್ಬರೂ ಪರೀಕ್ಷೆ ಬರೆಯುವವರಂತೆ ಗುಂಡಿ ನೋಡುತ್ತಾ ನಿಂತಿದ್ದಾರೆ. ಮಧ್ಯೆ ಕಪ್ಪೆಗಳ ಸದ್ದಿನ ತುಣುಕು ಬರುತ್ತದೆ, ಅದಕ್ಕೂ ಅಷ್ಟೇ ಗಂಭೀರ ಮುಖ!

ಈ ಹಾಡಿನ ಕೊನೆಯನ್ನು ‘ಸಬ್‌ಸ್ಟನ್ಸ್’ನಲ್ಲಿ ಕತ್ತರಿಸಿದ್ದು ಮಾತ್ರ ನನಗೆ ‘ಟೆಂಪ್ಟೇಷನ್’ಗಿಂತ ದೊಡ್ಡ ನೋವು. ಆ ಎಲ್ಲಾ ಸದ್ದು ಒಂದರ ಮೇಲೊಂದು ಬಿದ್ದು ಕುಸಿಯುವ ಭಾಗ ಕೇಳಬೇಕಾದರೆ 12 ಇಂಚೇ ಬೇಕು.

ಹೊಸಕಿವಿ
ಸರಿ, ಈಗ ನನಗೆ ನೇರವಾಗಿ ಹೇಳಿ. ಮೊದಲ ಸಲ ಕೇಳುವವನು ಎಲ್ಲಿಂದ ಶುರು ಮಾಡಲಿ? ‘ಸಬ್‌ಸ್ಟನ್ಸ್’ ಬಿಟ್ಟು ಬೇರೆ ಸಂಗ್ರಹಗಳೂ ಇವೆಯಲ್ಲ.

ಮಳೆಯೂರು
‘ಸಬ್‌ಸ್ಟನ್ಸ್’ನಿಂದಲೇ. ಮೂಗು ಮುರಿಯುವವರು ಮುರಿಯಲಿ. ಓಡಾಡುವಾಗ ಅಲ್ಲ, ಕೂತು ಕೇಳಿ. ಕ್ರಮ ತಪ್ಪಿಸಬೇಡಿ.

1994ರಲ್ಲಿ ಒಂದು ‘ಬೆಸ್ಟ್ ಆಫ್’ ಬಂದಿದೆ, 2005ರಲ್ಲಿ ‘ಸಿಂಗಲ್ಸ್’ ಅಂತ ಬಂದಿದೆ. ಎರಡನೆಯದರಲ್ಲಿ ಹೆಚ್ಚಾಗಿ 7 ಇಂಚಿನ ಚಿಕ್ಕ ರೂಪಗಳು. ರೇಡಿಯೊಗೆ ಸರಿ. ಆದರೆ ಈ ಬ್ಯಾಂಡ್ ಯೋಚಿಸಿದ್ದೇ 12 ಇಂಚಿನಲ್ಲಿ. ‘ಬ್ಲೂ ಮಂಡೇ’ಯನ್ನು ನಾಲ್ಕು ನಿಮಿಷಕ್ಕೆ ಇಳಿಸಿದರೆ ಬಾಗಿಲಿನಿಂದ ಇಣುಕಿ ವಾಪಸ್ ಬಂದ ಹಾಗೆ.

2023ರಲ್ಲಿ ‘ಸಬ್‌ಸ್ಟನ್ಸ್’ ಮತ್ತೆ ಬಂತು. ನಾಲ್ಕು ಸಿಡಿಯ ಆವೃತ್ತಿಯಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇರ್ವೈನ್ ಮೆಡೋಸ್‌ನಲ್ಲಿ ಕೊಟ್ಟ ಕಛೇರಿ ಇದೆ. ಈ ಹಾಡುಗಳನ್ನು ಇದೇ ಕ್ರಮದಲ್ಲಿ ವೇದಿಕೆ ಮೇಲೆ ನುಡಿಸಿದ್ದಾರೆ. ಸಂಗ್ರಹವನ್ನೇ ಆಲ್ಬಮ್ ಥರ ನುಡಿಸುವುದು ಆಗ ಅಪರೂಪ.

ಹಳೇಟೇಪು
ಹೊಸಕಿವಿಗೆ ನನ್ನ ಒಂದು ತಿದ್ದುಪಡಿ. ‘ಸಬ್‌ಸ್ಟನ್ಸ್’ ಒಂದು ಸುತ್ತು ಆದಮೇಲೆ 1982ರ ‘ಟೆಂಪ್ಟೇಷನ್’ ಹುಡುಕಿ. 2005ರ ‘ಸಿಂಗಲ್ಸ್’ನಲ್ಲಿ ಅದರ 7 ಇಂಚಿನ ರೂಪ ಇದೆ. ಆದರೆ ನಿಜವಾದ ಮಾಲು 12 ಇಂಚು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಆಮೇಲೆ ಇಲ್ಲಿ ಬಂದು ಯಾವ ಪಕ್ಷ ಅಂತ ಹೇಳಿ. ತಟಸ್ಥರಿಗೆ ಜಾಗ ಇಲ್ಲ.

ಮತ್ತೆ ‘ಟ್ರೂ ಫೇತ್’ ಬಗ್ಗೆ ಯಾರೂ ಮಾತಾಡಲಿಲ್ಲ, ಅನ್ಯಾಯ. ಈ ಸಂಗ್ರಹಕ್ಕಾಗಿ ಸ್ಟೀಫನ್ ಹೇಗ್ ಜೊತೆ ಮಾಡಿದ ಹೊಸ ಹಾಡು, 4ನೇ ಸ್ಥಾನಕ್ಕೆ ಹೋಯಿತು. ಸಾಮಾನ್ಯವಾಗಿ ಸಂಗ್ರಹಕ್ಕೆ ಸೇರಿಸುವ ಹೊಸ ಹಾಡು ಸುಮ್ನೆ ಬಾಲಂಗೋಚಿ. ಇಲ್ಲಿ ಅದೇ ಇಡೀ ಡಿಸ್ಕಿನ ಒಳ್ಳೆಯ ಹಾಡುಗಳಲ್ಲಿ ಒಂದು. ಅದರ ಸಿಂಗಲ್ ರೆಕಾರ್ಡಿನ ಹಿಂಬದಿಯ ‘1963’ ಹಾಡು ಇನ್ನೂ ಒಳ್ಳೆಯದು ಅಂತ ಜಗಳಕ್ಕೆ ಬರುವವರೂ ಇದ್ದಾರೆ, ಅವರಲ್ಲಿ ನಾನೂ ಒಬ್ಬ.

ನಡುಮನೆರೇಡಿಯೊ
ಹಿಂಬದಿ ಹಾಡುಗಳಿಗೆ ಸಿಡಿಯಲ್ಲಿ ಎರಡನೇ ಡಿಸ್ಕೇ ಇದೆ. ವಿನೈಲ್ ತಗೊಂಡವರಿಗೆ ಬರೀ ಮುಂಬದಿ. ‘ಪ್ರೊಸೆಷನ್’ ಅಂಥ ಹಾಡು ಅದರಲ್ಲಿಲ್ಲ. ಅದು 1981ರ ಸಿಂಗಲ್ಲೇ ಅಲ್ವಾ, ಹಿಂಬದಿ ಪಟ್ಟಿಗೆ ಯಾಕೆ ತಳ್ಳಿದರು? 7 ಇಂಚು ಅಂತಲಾ?

ಬೆಳಗಿನಜಾವ
ಅದೇ ಕಾರಣ ಇರಬೇಕು. ‘ಪ್ರೊಸೆಷನ್’ 7 ಇಂಚಿನಲ್ಲೇ ಬಂತು, ಅದರ ಹಿಂಬದಿಯಲ್ಲಿದ್ದ ‘ಎವ್ರಿಥಿಂಗ್ಸ್ ಗಾನ್ ಗ್ರೀನ್’ ಆಮೇಲೆ ಫ್ಯಾಕ್ಟರಿಯ ಬೆಲ್ಜಿಯಂ ಶಾಖೆಯಿಂದ 12 ಇಂಚಾಯಿತು. ಹಿಂಬದಿ ಹಾಡು ಮುಂದಿನ ಡಿಸ್ಕಿಗೆ, ಮುಂಬದಿ ಹಾಡು ಹಿಂದಿನ ಡಿಸ್ಕಿಗೆ. ‘ಪ್ರೊಸೆಷನ್’ ಕವರ್ ಒಂಬತ್ತು ಬಣ್ಣಗಳಲ್ಲಿ ಬಂದಿತ್ತು. ಒಂಬತ್ತನ್ನೂ ಕೂಡಿಹಾಕಿದವರು ಈ ಗುಂಪಿನಲ್ಲಿ ಇದ್ದರೆ ಫೋಟೊ ಹಾಕಲಿ.

ಹಳೇಟೇಪು
ನನ್ನ ಹತ್ತಿರ ಒಂದೂ ಇಲ್ಲ. ಯಾರಾದರೂ ಮಾರುವವರಿದ್ದರೆ ಮೆಸೇಜ್ ಮಾಡಿ, ಬಣ್ಣ ಯಾವುದಾದರೂ ಪರವಾಗಿಲ್ಲ.

ಹೊಸಕಿವಿ
ಎರಡೂ ‘ಟೆಂಪ್ಟೇಷನ್’ ಕೇಳಿದೆ. 1987ರದ್ದೇ ಇಷ್ಟವಾಯಿತು. ಕ್ಷಮಿಸಿ.

ಲಯಗಾರ
ಬನ್ನಿ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ.

ಸೂಜಿಮೊನೆ
ಅವನು ಮೊದಲು ಕೇಳಿದ್ದು 1987ರದ್ದು ಲಯಗಾರ, ಈ ಮತ ಲೆಕ್ಕಕ್ಕೆ ಬರಲ್ಲ. ಹಳೆಯದನ್ನೇ ಮೊದಲು ಕೇಳುವ ಇನ್ನೊಬ್ಬರನ್ನು ಯಾರಾದರೂ ಹುಡುಕಿ ಕರೆತನ್ನಿ.